ಬೇರೆಯವರ ಮಕ್ಕಳ ಬಗ್ಗೆ ಒಳ್ಳೆಯ ಸಾಕ್ಷಿ

  

ಇವತ್ತಿನ ಪಾಠಕ್ಕೆ ಸತ್ಯವೇದದಲ್ಲಿ ಎರಡು ಭಾಗಗಳನ್ನು ಗುರುತು ಮಾಡಿಕೊಳ್ಳಿ. ಒಂದು, ಯೋಹಾನನ ಎರಡನೆಯ ಪತ್ರಿಕೆ, 4ನೇ ವಚನ. ಇನ್ನೊಂದು, 1 ಸಮುವೇಲ 2ನೇ ಅಧ್ಯಾಯ, 18ರಿಂದ 26ರವರೆಗೆ. ಮನೆಗೆ ಹೋದ ಮೇಲೆ ಎರಡನ್ನೂ ನಿಧಾನವಾಗಿ ಓದಿ. ಈಗ ಅವುಗಳ ಅರ್ಥವನ್ನು ನಮ್ಮ ಮಾತಿನಲ್ಲೇ ಧ್ಯಾನ ಮಾಡೋಣ.

ಯಾರ ಮಗ ಇವ?

ನಮ್ಮ ಊರ ಕಡೆ ಒಂದು ಪ್ರಶ್ನೆ ಇದೆ. ಯಾವನಾದರೂ ಹುಡುಗ ಬೈಕನ್ನು ಜೋರಾಗಿ ಓಡಿಸಿಕೊಂಡು ಹೋದ ಅಂದ್ರೆ, ಕಟ್ಟೆ ಮೇಲೆ ಕೂತ ಹಿರಿಯರು ಮೊದಲು ಕೇಳೋದು, "ಯಾರ ಮಗ ಇವ?" ಹುಡುಗನ ಹೆಸರು ಬೇಕಾಗಿಲ್ಲ, ಅಪ್ಪನ ಹೆಸರು ಬೇಕು. ಸಂಜೆಯೊಳಗೆ ದೂರು ಮನೆ ಬಾಗಿಲಿಗೆ ಬಂದು ನಿಲ್ಲುತ್ತೆ. "ನಿಮ್ಮ ಹುಡುಗ ಏನ್ ಮಾಡ್ಯಾನ ಗೊತ್ತೇನ್ರಿ?"

ಅದೇ ಹುಡುಗ ಮಾರನೇ ದಿನ ಬಸ್ಸಿನಲ್ಲಿ ಒಬ್ಬ ಅಜ್ಜಿಗೆ ಸೀಟು ಬಿಟ್ಟುಕೊಟ್ಟ, ಇಳಿಯುವಾಗ ಆಕೆಯ ಚೀಲ ಹಿಡಿದುಕೊಂಡು ಇಳಿಸಿಕೊಟ್ಟ ಅಂತ ಇಟ್ಕೊಳ್ಳಿ. ಹತ್ತು ಜನ ನೋಡಿರ್ತಾರೆ. ಎಷ್ಟು ಜನ "ಯಾರ ಮಗ ಇವ" ಅಂತ ಕೇಳ್ತಾರೆ? ಎಷ್ಟು ಜನ ಅವರ ಮನೆ ಹುಡುಕಿಕೊಂಡು ಹೋಗಿ ಹೇಳ್ತಾರೆ? ದೂರಿಗೆ ಕಾಲಿದೆ, ಓಡಿ ಹೋಗುತ್ತೆ. ಒಳ್ಳೆ ಸುದ್ದಿ ಬಸ್ ಸ್ಟ್ಯಾಂಡಿನಲ್ಲೇ ಕೂತುಬಿಡುತ್ತೆ.

ಅದಕ್ಕೇ ನಮ್ಮ ತಂದೆತಾಯಿಗಳ ಕಿವಿ ದೂರಿಗೇ ಒಗ್ಗಿ ಹೋಗಿದೆ. ಶಾಲೆಯಿಂದ ಫೋನ್ ಬಂತು ಅಂದ್ರೆ ತಾಯಿಯ ಎದೆ ಧಸಕ್ ಅನ್ನುತ್ತೆ. "ನಿಮ್ಮ ಮಗಳ ಬಗ್ಗೆ ಸ್ವಲ್ಪ ಮಾತಾಡಬೇಕಿತ್ತು" ಅಂದ್ರೆ ಅಪ್ಪನ ಮುಖ ಆಗಲೇ ಬಿಗಿಯಾಗುತ್ತೆ. ಒಳ್ಳೆಯ ಮಾತು ಬರಬಹುದು ಅನ್ನೋ ನಿರೀಕ್ಷೆಯೇ ಅವರಿಗಿಲ್ಲ.

ನಮ್ಮ ಊರಿನ ಜೀವನವನ್ನೇ ನೋಡ್ರಿ. ಕುಡತಿನಿಯ ಬಿಟಿಪಿಎಸ್‌ನಲ್ಲಿ 3 ಘಟಕ, ಒಟ್ಟು 1,700 ಮೆಗಾವ್ಯಾಟ್. ಅದು ಹಗಲು ರಾತ್ರಿ ನಡೆಯಬೇಕಾದ ಸ್ಥಾವರ. ಆಚೆ ತೋರಣಗಲ್ಲಿನಲ್ಲಿ ಜಿಂದಾಲ್ ಉಕ್ಕಿನ ಕಾರ್ಖಾನೆ. ರಾತ್ರಿ ಶಿಫ್ಟ್ ಮುಗಿಸಿ ಬರುವ ಅಪ್ಪ ಮನೆ ಸೇರುವಾಗ ಮಗಳು ಶಾಲೆಗೆ ಹೊರಟಿರ್ತಾಳೆ. ಅವಳು ವಾಪಸ್ ಬರುವಾಗ ಅಪ್ಪ ನಿದ್ದೆಯಲ್ಲಿರ್ತಾರೆ. ದೊಡ್ಡ ಮಗ ಡಿಪ್ಲೊಮಾ ಮುಗಿಸಿ ಬೆಂಗಳೂರಿಗೆ ಹೋಗಿದ್ದಾನೆ, ವಾರಕ್ಕೊಮ್ಮೆ ಫೋನ್. "ಊಟ ಆಯ್ತಾ?" "ಆಯ್ತು." ಅಷ್ಟೇ. ತಮ್ಮ ಮಕ್ಕಳು ಹೊರಗೆ ಹೇಗೆ ನಡೆದುಕೊಳ್ಳುತ್ತಾರೆ ಅನ್ನೋದನ್ನು ಈ ತಂದೆತಾಯಿಗಳು ಕಣ್ಣಾರೆ ನೋಡೋದೇ ಇಲ್ಲ. ನೋಡೋದು ನೀವು. ಅವನ ರೂಮ್‌ಮೇಟ್ ನೀವು, ಅವಳ ಸಂಡೇ ಸ್ಕೂಲ್ ಟೀಚರ್ ನೀವು, ಪಕ್ಕದ ಮನೆಯ ಅಕ್ಕ ನೀವು.

ಇವತ್ತಿನ ಪಾಠ ಒಂದೇ ಮಾತಿನಲ್ಲಿ ಹೇಳಬೇಕಂದ್ರೆ ಇದು: ಬೇರೆಯವರ ಮಗುವಿನಲ್ಲಿ ದೇವರು ನಿಮಗೆ ಒಂದು ಒಳ್ಳೆಯದನ್ನು ತೋರಿಸಿದರೆ, ಆ ಸುದ್ದಿ ಆ ತಂದೆತಾಯಿಗೆ ಸೇರಬೇಕಾದ ಸುದ್ದಿ. ಅದನ್ನು ತಲುಪಿಸಿ. ಇರುವಷ್ಟೇ ಹೇಳಿ. ಯಾರೊಂದಿಗೂ ಹೋಲಿಸಬೇಡಿ.

ಹಿರಿಯನು ಒಬ್ಬ ತಾಯಿಗೆ ಬರೆದ ಪತ್ರ

ಯೋಹಾನನ ಎರಡನೆಯ ಪತ್ರಿಕೆಯಲ್ಲಿ ಇರೋದು 13 ವಚನ ಮಾತ್ರ. ಸಭೆಯ ಹಿರಿಯನು ಒಬ್ಬ ಅಮ್ಮನವರಿಗೂ ಆಕೆಯ ಮಕ್ಕಳಿಗೂ ಬರೆಯುತ್ತಾನೆ. ಈ ಅಮ್ಮನವರು ಅಂದ್ರೆ ಒಂದು ಸಭೆಯೇ, ಮಕ್ಕಳು ಅಂದ್ರೆ ಆ ಸಭೆಯ ವಿಶ್ವಾಸಿಗಳು ಅಂತ ಅರ್ಥ ಮಾಡಿಕೊಳ್ಳುವವರೂ ಇದ್ದಾರೆ. ಹೇಗೆ ತೆಗೆದುಕೊಂಡರೂ ಪಾಠ ಬದಲಾಗೋದಿಲ್ಲ. ಹಿರಿಯನು ಬೇರೆಯವರ ಮಕ್ಕಳನ್ನು ಎಲ್ಲೋ ಕಂಡಿದ್ದಾನೆ. ಅವರು ಸತ್ಯದ ಮಾರ್ಗದಲ್ಲಿ ನಡೆಯುತ್ತಿದ್ದಾರೆ. ಅವನಿಗೆ ಬಹಳ ಸಂತೋಷವಾಗಿದೆ. ಆ ಸಂತೋಷವನ್ನು ಹೆತ್ತವಳಿಗೇ ಬರೆದು ಕಳಿಸುತ್ತಾನೆ.

ಇಲ್ಲಿ ಮೂರು ವಿಷಯ ಗಮನಿಸಿ.

ಮೊದಲನೆಯದು, ಅವನು ಕಂಡದ್ದನ್ನು ಬರೆದ. ಗ್ರೀಕ್ ಮೂಲದಲ್ಲಿ ಇಲ್ಲಿರುವ ಪದ ನಿಮಗೆಲ್ಲ ಗೊತ್ತಿರೋದೇ. ಶಾಲೆಯಲ್ಲಿ ಆರ್ಕಿಮಿಡೀಸ್ ಕಥೆ ಓದಿದ್ದೀರಲ್ಲ, ಸ್ನಾನದ ತೊಟ್ಟಿಯಿಂದ ಎದ್ದು ಕೂಗಿದ ಅಂತಾರಲ್ಲ, "ಯುರೇಕಾ" ಅಂತ? ಅದೇ ಪದ. ಕಂಡುಕೊಂಡೆ, ಸಿಕ್ಕಿತು ಅಂತ ಅರ್ಥ. ಹಿರಿಯನಿಗೆ ಇನ್ನೊಬ್ಬರ ಮಕ್ಕಳ ಒಳ್ಳೆಯ ನಡತೆ ಸಿಕ್ಕಿದ್ದು ಒಂದು ನಿಧಿ ಸಿಕ್ಕಿದ ಹಾಗೆ. ನಾವು ಮಕ್ಕಳಲ್ಲಿ ಏನನ್ನು ಹುಡುಕ್ತಾ ಇದ್ದೀವಿ? ತಪ್ಪನ್ನು ಹುಡುಕಿದರೆ ತಪ್ಪೇ ಸಿಗುತ್ತೆ, ಅದಕ್ಕೆ ಕನ್ನಡಕ ಬೇಕಾಗಿಲ್ಲ.

ಎರಡನೆಯದು, ಅವನು ಎಷ್ಟು ಕಂಡನೋ ಅಷ್ಟೇ ಬರೆದ. ಆಕೆಯ ಮಕ್ಕಳೆಲ್ಲರೂ ಅಂತ ಬರೆಯಲಿಲ್ಲ, ಅವರಲ್ಲಿ ಕೆಲವರು ಅಂತ ಬರೆದ. ತಾಯಿಯನ್ನು ಖುಷಿಪಡಿಸಬೇಕು ಅಂತ ಮಾತನ್ನು ಉಬ್ಬಿಸಲಿಲ್ಲ. ಹಾಗೇ ಉಳಿದವರ ಬಗ್ಗೆ ಒಂದು ಚುಚ್ಚು ಮಾತೂ ಹಾಕಲಿಲ್ಲ. "ಇವರು ಚೆನ್ನಾಗಿದ್ದಾರೆ, ಇನ್ನೊಬ್ಬ ಎಲ್ಲಿ?" ಅಂತ ಕೇಳಲಿಲ್ಲ. ದೇವಜನರೇ, ಇದು ಬಹಳ ನಾಜೂಕಾದ ಕೆಲಸ. ಸುಳ್ಳೂ ಇಲ್ಲ, ಗಾಯವೂ ಇಲ್ಲ.

ಮೂರನೆಯದು, ಈ ಮಾತನ್ನು ಅವನು ಮುಂದೂಡಲಿಲ್ಲ. ಪತ್ರದ ಕೊನೆಯಲ್ಲಿ, 12ನೇ ವಚನದಲ್ಲಿ, ಹೇಳಬೇಕಾದ್ದು ಇನ್ನೂ ಬಹಳ ಇದೆ, ಅದನ್ನು ಮುಖಾಮುಖಿ ಮಾತಾಡೋಣ ಅನ್ನುತ್ತಾನೆ. ಬೇರೆ ಎಷ್ಟೋ ವಿಷಯ ಕಾಯಬಹುದಿತ್ತು. ಮಕ್ಕಳ ಸುದ್ದಿ ಮಾತ್ರ ಕಾಯಲಿಲ್ಲ. ವಂದನೆ ಮುಗಿದ ತಕ್ಷಣ ಅದೇ ಮೊದಲು ಬಂತು. ಮೋಸಗಾರರ ಬಗ್ಗೆ ಎಚ್ಚರಿಕೆ ಕೊಡಬೇಕಿತ್ತು, ಅದು ಆಮೇಲೆ ಬಂತು. ಹಲ್ಲೆಲೂಯಾ!

ಬಾಯಿ ಯಾಕೆ ಬರೋದಿಲ್ಲ?

ಇಷ್ಟು ಸುಲಭದ ಕೆಲಸವನ್ನು ನಾವು ಯಾಕೆ ಮಾಡೋದಿಲ್ಲ? ನಮ್ಮ ಕಡೆ ಮೂರು ಕಾರಣ ಇವೆ.

ಒಂದು, ದೃಷ್ಟಿಯ ಭಯ. ನಮ್ಮಲ್ಲಿ ಬಹಳ ಮಂದಿ ಮೊದಲ ತಲೆಮಾರಿನ ವಿಶ್ವಾಸಿಗಳು. ಮಗುವಿನ ಕೆನ್ನೆಗೆ ಕಪ್ಪು ಬೊಟ್ಟು ಇಟ್ಟು ಬೆಳೆಸಿದ ಮನೆಗಳಿಂದ ಬಂದವರು. "ಮಗು ಎಷ್ಟು ಚೆನ್ನಾಗೈತಿ" ಅಂದ್ರೆ ಅಜ್ಜಿ ಆ ರಾತ್ರಿಯೇ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವ ಮನೆಗಳು. ಆ ಭಯ ಬ್ಯಾಪ್ಟಿಸಮ್ ಆದ ಮೇಲೂ ಕೆಲವರ ಮನಸ್ಸಿನ ಮೂಲೆಯಲ್ಲಿ ಕೂತಿರುತ್ತೆ. ತಂಗಿಯರೇ, ನಿಮ್ಮ ಮಗುವನ್ನು ಕಾಯುವವನು ಕರ್ತನು. ಇನ್ನೊಬ್ಬರ ಕಣ್ಣಿಗೆ ನಿಮ್ಮ ಮಗುವಿನ ಮೇಲೆ ಅಧಿಕಾರ ಇಲ್ಲ. ಆದರೆ ಒಂದು ಬುದ್ಧಿಮಾತು: ಅಕ್ಕಪಕ್ಕದ, ನಂಬದ ಮನೆಯ ತಾಯಿ ಭಯಪಟ್ಟರೆ ಅವಳನ್ನು ನಗಬೇಡಿ, ಬಾಗಿಲಲ್ಲಿ ನಿಂತು ವಾದ ಮಾಡಬೇಡಿ. ಹೊಗಳಿದ ಮೇಲೆ ಒಂದು ಆಶೀರ್ವಾದದ ಮಾತು ಸೇರಿಸಿ. "ದೇವರು ಇವನನ್ನ ಚೆನ್ನಾಗಿ ಇಡ್ಲಿ ಅಮ್ಮಾ" ಅನ್ನಿ. ನಿಮ್ಮ ಕಣ್ಣಲ್ಲಿ ಹೊಟ್ಟೆಕಿಚ್ಚಿಲ್ಲ, ಪ್ರೀತಿ ಇದೆ ಅಂತ ಅವಳಿಗೆ ಗೊತ್ತಾಗುತ್ತೆ.

ಎರಡು, ತಲೆಗೇರುತ್ತೆ ಅನ್ನೋ ಅನುಮಾನ. "ಹೊಗಳಿದ್ರೆ ಹುಡುಗ ಕೆಟ್ಟು ಹೋಗ್ತಾನೆ" ಅಂತಾರೆ. ಬರಿದಾದ ಹೊಗಳಿಕೆಯಿಂದ ಕೆಡಬಹುದು, ನಿಜ. ಸಾಕ್ಷಿಯಿಂದ ಕೆಡೋದಿಲ್ಲ. "ನಿಮ್ಮ ಮಗನಂಥ ಮಗ ಲೋಕದಲ್ಲೇ ಇಲ್ಲ" ಅನ್ನೋದು ಮುಖಸ್ತುತಿ. "ನಿಮ್ಮ ಮಗ ನಿನ್ನೆ ಸಭೆ ಮುಗಿದ ಮೇಲೆ ಯಾರೂ ಹೇಳದೆ ಕುರ್ಚಿಗಳನ್ನೆಲ್ಲ ಜೋಡಿಸಿಟ್ಟ" ಅನ್ನೋದು ಸಾಕ್ಷಿ. ಮುಖಸ್ತುತಿಯಲ್ಲಿ ಮಗು ದೊಡ್ಡದಾಗುತ್ತೆ. ಸಾಕ್ಷಿಯಲ್ಲಿ ಆ ಒಳ್ಳೆಯ ಕೆಲಸ ದೊಡ್ಡದಾಗುತ್ತೆ.

ಮೂರು, ಬಾಯಿ ಬಿಟ್ಟು ಒಪ್ಪಿಕೊಳ್ಳದ ಕಾರಣ, ಹೊಟ್ಟೆಕಿಚ್ಚು. ಅವರ ಮಗನ ಒಳ್ಳೆತನ ನೋಡಿದಾಗ ನಮ್ಮ ಮನೆಯ ಕೊರತೆ ನೆನಪಾಗುತ್ತೆ. ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತೆ. ಈ ಕಾರಣಕ್ಕೆ ಉತ್ತರ ಕೊಡಲು ನಾವು ಶೀಲೋವಿಗೆ ಹೋಗಬೇಕು.

ಏಲಿಯ ಆಶೀರ್ವಾದ

1 ಸಮುವೇಲ 2ನೇ ಅಧ್ಯಾಯ. ಶೀಲೋವಿನಲ್ಲಿ ಏಲಿ ಯಾಜಕ. ಅವನ ಇಬ್ಬರು ಮಕ್ಕಳು ಹೊಫ್ನಿ ಮತ್ತು ಫೀನೆಹಾಸ. ಅವರು ಮಾಡುತ್ತಿದ್ದ ಅನ್ಯಾಯ ಊರಿಗೆಲ್ಲ ಗೊತ್ತು. ಜನ ಬಂದು ಬಂದು ಏಲಿಗೆ ದೂರು ಹೇಳುತ್ತಿದ್ದರು. ವಯಸ್ಸಾದ ಅಪ್ಪ, ದಿನಾ ಮಕ್ಕಳ ಬಗ್ಗೆ ಕೆಟ್ಟ ಸುದ್ದಿ. ಅದೇ ಮನೆಯಲ್ಲಿ, ಅದೇ ಸೇವೆಯಲ್ಲಿ, ಬೇರೆಯವರ ಮಗ ಒಬ್ಬ ಬೆಳೆಯುತ್ತಿದ್ದಾನೆ. ಸಮುವೇಲ. ನಾರಿನ ಏಫೋದು ಹಾಕಿಕೊಂಡು ಪುಟ್ಟ ಹುಡುಗ ಕರ್ತನ ಸನ್ನಿಧಿಯಲ್ಲಿ ಸೇವೆ ಮಾಡುತ್ತಿದ್ದಾನೆ.

ವರ್ಷಕ್ಕೊಮ್ಮೆ ಹನ್ನಳು ಬರುತ್ತಾಳೆ, ಮಗನಿಗೆ ಒಂದು ಚಿಕ್ಕ ನಿಲುವಂಗಿ ಹೊಲಿದು ತರುತ್ತಾಳೆ. ವರ್ಷವಿಡೀ ಮಗನನ್ನು ನೋಡದ ತಾಯಿ. ಎಷ್ಟು ಉದ್ದ ಬೆಳೆದಿರಬಹುದು ಅಂತ ಅಂದಾಜಿನ ಮೇಲೆ ಅಳತೆ ಇಟ್ಟು ಹೊಲಿದಿರಬೇಕು. ಹಾಸ್ಟೆಲಿನಲ್ಲಿ ಮಕ್ಕಳನ್ನು ಬಿಟ್ಟ ತಾಯಂದಿರಿಗೆ ಈ ವಚನ ಅರ್ಥವಾಗುತ್ತೆ. ಆ ತಾಯಿ ಬಂದಾಗ ಏಲಿ ಏನು ಮಾಡುತ್ತಾನೆ? 20ನೇ ವಚನ ನೋಡಿ. ಎಲ್ಕಾನನನ್ನೂ ಹನ್ನಳನ್ನೂ ಆಶೀರ್ವದಿಸುತ್ತಾನೆ. ಇವರು ಕರ್ತನಿಗೆ ಒಪ್ಪಿಸಿಕೊಟ್ಟ ಈ ಮಗುವಿಗೆ ಬದಲಾಗಿ ಇನ್ನೂ ಮಕ್ಕಳಾಗಲಿ ಅಂತ ಹರಸುತ್ತಾನೆ.

ಸ್ವಲ್ಪ ಯೋಚಿಸಿ ನೋಡ್ರಿ. ತನ್ನ ಮಕ್ಕಳು ಮುಖ ತಗ್ಗಿಸುವಂತೆ ಮಾಡಿದ ಒಬ್ಬ ಅಪ್ಪ, ಒಳ್ಳೆಯ ಮಗನ ತಂದೆತಾಯಿಯ ಎದುರು ನಿಂತು ಆಶೀರ್ವಾದ ಹೇಳುತ್ತಿದ್ದಾನೆ. ಅವನ ಹೊಟ್ಟೆ ಉರಿಯಬೇಕಿತ್ತು. ಆದರೆ ಬಾಯಿಂದ ಬಂದದ್ದು ಆಶೀರ್ವಾದ. ಏಲಿಯ ಜೀವನದಲ್ಲಿ ದೊಡ್ಡ ಕೊರತೆ ಇತ್ತು. ಮಕ್ಕಳನ್ನು ತಡೆಯಲಿಲ್ಲ ಅಂತ ದೇವರೇ ಅವನ ಮೇಲೆ ತಪ್ಪು ಹೊರಿಸಿದ. ಅದನ್ನು ನಾವು ಮುಚ್ಚಿಡೋದಿಲ್ಲ. ಆದರೆ ಈ ಒಂದು ವಿಷಯದಲ್ಲಿ ಅವನನ್ನು ನೋಡಿ ಕಲಿಯಬೇಕು.

ಇನ್ನೊಂದು ಸಂಗತಿ. 23ರಿಂದ 25ನೇ ವಚನದವರೆಗೆ ಏಲಿ ತನ್ನ ಮಕ್ಕಳನ್ನು ಗದರಿಸುತ್ತಾನೆ. ಆ ಗದರಿಕೆಯಲ್ಲಿ ಸಮುವೇಲನ ಹೆಸರೇ ಇಲ್ಲ. "ಆ ಹುಡುಗನ್ನ ನೋಡಿ ನಾಚಿಕೆಪಡ್ರಿ" ಅನ್ನಲಿಲ್ಲ. ಗದರಬೇಕಾದ್ದನ್ನು ಗದರಿದ, ಹರಸಬೇಕಾದ್ದನ್ನು ಹರಸಿದ, ಎರಡನ್ನೂ ಕಲಸಲಿಲ್ಲ. ನಾವಾಗಿದ್ದರೆ? ಊಟಕ್ಕೆ ಕೂತಾಗ ದಿನಾ ಸಮುವೇಲನ ಹೆಸರು ಬರುತ್ತಿತ್ತು. ಹೊಫ್ನಿ ಬದಲಾಗುತ್ತಿರಲಿಲ್ಲ, ಸಮುವೇಲನ ಮೇಲೆ ದ್ವೇಷ ಮಾತ್ರ ಬೆಳೆಯುತ್ತಿತ್ತು.

ನಮ್ಮ ಮಗುವಿನ ಮಾನದಿಂದ ಬೆಲೆ ಕಟ್ಟಬೇಡಿ

ಹೊಗಳಿಕೆ ಹೋಲಿಕೆಯಾದರೆ ಏನಾಗುತ್ತೆ ಅನ್ನೋದು ಅದೇ ಪುಸ್ತಕದ 18ನೇ ಅಧ್ಯಾಯದಲ್ಲಿದೆ. ಗೊಲ್ಯಾತನನ್ನು ಸೋಲಿಸಿ ದಾವೀದ ವಾಪಸ್ ಬರುತ್ತಿದ್ದಾನೆ. ಹೆಂಗಸರು ಹಾಡುತ್ತಾ ಎದುರುಗೊಳ್ಳುತ್ತಾರೆ. ಸೌಲನಿಗೆ ಸಾವಿರದ ಲೆಕ್ಕ, ದಾವೀದನಿಗೆ ಹತ್ತು ಸಾವಿರದ ಲೆಕ್ಕ. ದಾವೀದನನ್ನು ಮಾತ್ರ ಹೊಗಳಿದ್ದರೆ ಸಾಕಿತ್ತು. ಅಂಕ ಹಾಕಿ ಹೋಲಿಸಿದರು. ಅವತ್ತಿನಿಂದ ಸೌಲ ದಾವೀದನನ್ನು ಬೇರೆ ಕಣ್ಣಿನಿಂದ ನೋಡತೊಡಗಿದ. ಆಮೇಲೆ ಈಟಿ ಎಸೆದದ್ದೂ ಆಯಿತು, ಬೆಟ್ಟಗುಡ್ಡಗಳಲ್ಲಿ ಅಟ್ಟಿಸಿಕೊಂಡು ಹೋದದ್ದೂ ಆಯಿತು.

ನಮ್ಮ ಮನೆಗಳಲ್ಲಿ ಈ ಹಾಡು ಪ್ರತಿ ವರ್ಷ ಎಸ್‌ಎಸ್‌ಎಲ್‌ಸಿ ರಿಸಲ್ಟ್ ದಿನ ಕೇಳುತ್ತೆ. 625ಕ್ಕೆ ಅವರ ಮಗಳಿಗೆ ಎಷ್ಟು, ನಿನಗೆ ಎಷ್ಟು? ಪಕ್ಕದ ಮನೆಯ ಮಗಳನ್ನು ಹೊಗಳಿದ ಹಾಗೆ ಕಾಣುತ್ತೆ, ನಿಜವಾಗಿ ಅದು ನಮ್ಮ ಮಗಳಿಗೆ ಹೊಡೆಯುವ ಕೋಲು. ಆ ಇಬ್ಬರು ಹೆಣ್ಣುಮಕ್ಕಳು ನಿನ್ನೆಯವರೆಗೆ ಗೆಳತಿಯರು. ಇವತ್ತಿನಿಂದ ಮುಖ ನೋಡೋದಿಲ್ಲ.

ಇನ್ನೂ ಒಂದು ಕೆಟ್ಟ ಅಭ್ಯಾಸ ನಮ್ಮಲ್ಲಿದೆ, ಸಭೆಯೊಳಗೂ ಇದೆ. ಬೇರೆಯವರ ಮಗುವನ್ನು ಹೊಗಳುವಾಗ ನಮ್ಮ ಮಗುವನ್ನು ಬೈದು ಹೊಗಳೋದು. "ನಿಮ್ಮ ಮಗಳು ಎಷ್ಟು ಚೆಂದ ಕೂತು ಪ್ರಾರ್ಥನೆ ಮಾಡ್ತಾಳ್ರಿ. ನಮ್ಮದೂ ಐತಿ ಒಂದು, ದಂಡಕ್ಕೆ." ಹೇಳುವವರಿಗೆ ಅದು ವಿನಯ ಅನ್ನಿಸುತ್ತೆ. ಕೈ ಹಿಡಿದು ಪಕ್ಕದಲ್ಲೇ ನಿಂತಿರುವ ಆ ಮಗುವಿಗೆ? ತನ್ನ ಅವ್ವ ತನ್ನನ್ನು ನಾಲ್ಕು ಜನರ ಮುಂದೆ ಮಾರಿದಳು ಅನ್ನಿಸುತ್ತೆ. ನಮ್ಮ ವಿನಯಕ್ಕೆ ನಮ್ಮ ಮಗು ಬೆಲೆ ತೆರಬಾರದು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಗಾದೆ ಮಾಡಿದ ಜನ ನಾವು. ಮುದ್ದು ಮನೆಯೊಳಗೆ ಮಾತ್ರ ಇದ್ದು, ಹೊರಗೆ ಬಂದರೆ ನಾಚಿಕೆ ಯಾಕೆ?

ಹಾಗೇ ಯಾರಾದರೂ ನಿಮ್ಮ ಮಗುವನ್ನು ಹೊಗಳಿದರೆ, "ಅಯ್ಯೋ ಇಲ್ಲಿ ಮಾತ್ರ ಹಿಂಗೆ, ಮನೇಲಿ ನೋಡಬೇಕು" ಅಂತ ತಕ್ಷಣ ಅಳಿಸಿ ಹಾಕಬೇಡಿ. ಮಗು ಕೇಳಿಸಿಕೊಳ್ತಾ ಇದೆ. "ದೇವರಿಗೆ ಸ್ತೋತ್ರ, ಹೇಳಿದ್ದಕ್ಕೆ ಸಂತೋಷ ಆಯ್ತು" ಅನ್ನಿ, ಸಾಕು.

ಏನನ್ನು ಹೊಗಳಬೇಕು?

ಬಣ್ಣವನ್ನಲ್ಲ, ಬಟ್ಟೆಯನ್ನಲ್ಲ, ಬರೀ ಅಂಕವನ್ನಲ್ಲ. ಮಗು ಮಾಡಿದ ಒಳ್ಳೆಯದನ್ನು.

ನಮ್ಮ ಪಕ್ಕದ ರಾಯಚೂರು ಜಿಲ್ಲೆಯ ಒಂದು ಘಟನೆ ನಿಮಗೆ ನೆನಪಿರಬಹುದು. 2019ರ ಆಗಸ್ಟ್‌ನಲ್ಲಿ ಕೃಷ್ಣಾ ನದಿಗೆ ಪ್ರವಾಹ ಬಂದಿತ್ತು. ದೇವದುರ್ಗ ತಾಲೂಕಿನ ಹಿರೇರಾಯನಕುಂಪಿಯಲ್ಲಿ ಸೇತುವೆ ಮೇಲೆ ನೀರು. ಒಂದು ಆಂಬ್ಯುಲೆನ್ಸ್ ಬಂದು ನಿಂತಿತು, ಡ್ರೈವರಿಗೆ ದಾರಿ ಕಾಣುತ್ತಿಲ್ಲ. ಆ ಊರಿನ ಶಾಲಾ ಹುಡುಗ ವೆಂಕಟೇಶ ನೀರಿಗಿಳಿದು ಆಂಬ್ಯುಲೆನ್ಸಿನ ಮುಂದೆ ಮುಂದೆ ಹೋಗುತ್ತಾ ದಾರಿ ತೋರಿಸಿದ. ನೋಡಿದವರು ಅದನ್ನು ವಿಡಿಯೋ ಮಾಡಿದರು, ನಾಡೆಲ್ಲ ನೋಡಿತು. ಆ ಸ್ವಾತಂತ್ರ್ಯ ದಿನದಂದು ರಾಯಚೂರು ಜಿಲ್ಲಾಡಳಿತ ಅವನನ್ನು ಸನ್ಮಾನಿಸಿತು. 2020ರ ಜನವರಿಯಲ್ಲಿ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಬಂತು. ಅವತ್ತು ಎಲ್ಲರೂ ಮಾತಾಡಿದ್ದು ಆ ಹುಡುಗ ಏನು ಮಾಡಿದ ಅನ್ನೋದರ ಬಗ್ಗೆ. ಬೇರೆಯವರ ಮಗುವನ್ನು ಹೊಗಳೋದು ಅಂದ್ರೆ ಹೀಗೆ: ನೋಡಿದೆವು, ಇದು ಒಳ್ಳೆಯದು, ಹೇಳುತ್ತೇವೆ.

ಆದರೆ ನೀರಿಗಿಳಿದ ಮಕ್ಕಳಿಗೆ ಮಾತ್ರ ಸನ್ಮಾನ ಅಂತ ಕಾಯಬೇಡಿ. ತಂಗಿಯ ಹೋಮ್‌ವರ್ಕ್‌ಗೆ ಕೂತ ಅಣ್ಣ, ಸಿಕ್ಕ ನೂರು ರೂಪಾಯಿಯನ್ನು ಅಂಗಡಿಯವರಿಗೆ ವಾಪಸ್ ಕೊಟ್ಟ ಹುಡುಗಿ, ಎಲ್ಲರೂ ನಗುತ್ತಿದ್ದ ಹುಡುಗನ ಪಕ್ಕ ಹೋಗಿ ಕೂತ ಗೆಳೆಯ. ಇದನ್ನೆಲ್ಲ ಯಾರೂ ವಿಡಿಯೋ ಮಾಡೋದಿಲ್ಲ. ನೀವು ನೋಡಿದ್ದೀರಿ.

ಇಲ್ಲಿ ಒಂದು ಎಚ್ಚರಿಕೆ. "ಒಳ್ಳೆ ಹುಡುಗಿ, ಬಾಯೇ ಇಲ್ಲ" ಅಂತ ಹೊಗಳುತ್ತೇವೆ. ಬಾಯಿ ಇಲ್ಲದಿರೋದು ಸದ್ಗುಣ ಅಲ್ಲ. ಸುಮ್ಮನಿರುವ ಮಗು ಸಂತೋಷವಾಗಿದೆ ಅಂತ ಅಂದುಕೊಳ್ಳಬೇಡಿ, ಭಯದಲ್ಲೂ ಇರಬಹುದು. ಸುಮ್ಮನಿರೋದನ್ನೇ ಹೊಗಳುತ್ತಾ ಹೋದರೆ, ನಾಳೆ ಅವಳಿಗೆ ಅನ್ಯಾಯವಾದಾಗಲೂ ಅವಳು ಸುಮ್ಮನಿರುತ್ತಾಳೆ. ಬಾಲಕ ಸಮುವೇಲನನ್ನು ನೋಡಿ. ದೇವರು ಹೇಳಿದ ಕಠಿಣ ಮಾತನ್ನು ಏಲಿಗೆ ಹೇಳಲು ಅವನಿಗೆ ಭಯವಿತ್ತು. ಆದರೂ ಕೇಳಿದಾಗ ಒಂದನ್ನೂ ಮರೆಮಾಡದೆ ಹೇಳಿದ. ಸತ್ಯ ಹೇಳಿದ ಮಗುವನ್ನೂ ಹೊಗಳಿ, ಆ ಸತ್ಯ ನಮಗೆ ಕಹಿಯಾಗಿದ್ದರೂ.

ಮತ್ತೆ, ಗಲಾಟೆ ಮಾಡುವ ಮಕ್ಕಳನ್ನು ದೂರ ಇಡಬೇಡಿ. ಮಾರ್ಕ 10ನೇ ಅಧ್ಯಾಯದಲ್ಲಿ ಜನ ತಮ್ಮ ಮಕ್ಕಳನ್ನು ಯೇಸುವಿನ ಬಳಿ ತಂದಾಗ ಶಿಷ್ಯರು ಗದರಿಸಿದರು. ಕರ್ತನು ಶಿಷ್ಯರ ಮೇಲೇ ಕೋಪಗೊಂಡ. ಮಕ್ಕಳನ್ನು ಅಪ್ಪಿಕೊಂಡು, ಕೈಯಿಟ್ಟು ಆಶೀರ್ವದಿಸಿದ. ಯಾರು ಚೆನ್ನಾಗಿ ನಡೆದುಕೊಂಡರು ಅಂತ ವಿಂಗಡಿಸಲಿಲ್ಲ. ಒಳ್ಳೆಯ ನಡತೆಗೆ ಸಾಕ್ಷಿ ಹೇಳೋದು ಒಂದು, ಪ್ರೀತಿ ಇನ್ನೊಂದು. ಸಾಕ್ಷಿಗೆ ಕಾರಣ ಬೇಕು. ಪ್ರೀತಿಗೆ ಬೇಡ.

ಒಂದು ಮಾತು ಎಷ್ಟು ದೂರ ಹೋಗುತ್ತೆ

ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯದ ಆರಂಭದಲ್ಲಿ ತಿಮೊಥೆಯ ಬರುತ್ತಾನೆ. ತಾಯಿ ವಿಶ್ವಾಸಿ, ತಂದೆ ಗ್ರೀಕನು. ನಮ್ಮ ಸಭೆಗಳಲ್ಲಿ ಇಂಥ ಮನೆಗಳು ಎಷ್ಟಿಲ್ಲ! ಅಮ್ಮ ಆರಾಧನೆಗೆ ಬರ್ತಾರೆ, ಅಪ್ಪ ಬರೋದಿಲ್ಲ. ಆ ಹುಡುಗನ ಬಗ್ಗೆ ಲುಸ್ತ್ರ ಮತ್ತು ಇಕೋನ್ಯದ ಸಹೋದರರು ಒಳ್ಳೆಯ ಸಾಕ್ಷಿ ಹೇಳುತ್ತಿದ್ದರು. ಅಂದ್ರೆ ಕುಡತಿನಿಯ ಹುಡುಗನ ಬಗ್ಗೆ ಬಳ್ಳಾರಿಯ ಸಹೋದರರೂ ಚೆನ್ನಾಗಿ ಮಾತಾಡಿದ ಹಾಗೆ. ಇಂಥ ಹುಡುಗನನ್ನೇ ಪೌಲ ಸೇವೆಗೆ ಜೊತೆಯಲ್ಲಿ ಕರೆದುಕೊಂಡ. ಆ ಸಹೋದರರ ಹೆಸರು ಸತ್ಯವೇದದಲ್ಲಿಲ್ಲ. ಅವರ ಮಾತು ಉಳಿದಿದೆ.

ವರ್ಷಗಳಾದ ಮೇಲೆ ಪೌಲ ಸೆರೆಯಲ್ಲಿದ್ದು ತಿಮೊಥೆಯನಿಗೆ ಬರೆಯುವಾಗ, ಅವನ ನಂಬಿಕೆ ಮೊದಲು ಎಲ್ಲಿ ನೆಲೆಸಿತ್ತು ಅಂತ ನೆನಪಿಸುತ್ತಾನೆ. ಅಜ್ಜಿ ಲೋವಿ, ತಾಯಿ ಯೂನೀಕೆ. ಇಬ್ಬರ ಹೆಸರನ್ನೂ ಬರೆಯುತ್ತಾನೆ. ಮಗನ ಒಳ್ಳೆಯದನ್ನು ಹೇಳುವಾಗ ಅದರ ಹಿಂದೆ ದುಡಿದ ತಾಯಿಯನ್ನು ಮರೆಯಲಿಲ್ಲ.

ಇನ್ನು ದಾವೀದ. ಸಮುವೇಲ ಮನೆಗೆ ಬಂದಾಗ ಇಷಯನು ಏಳು ಗಂಡುಮಕ್ಕಳನ್ನು ಮುಂದೆ ನಿಲ್ಲಿಸಿದ. ಚಿಕ್ಕವನು ಕುರಿ ಕಾಯ್ತಾ ಹೊಲದಲ್ಲೇ ಉಳಿದ. ಅಪ್ಪನ ಲೆಕ್ಕಕ್ಕೇ ಬರಲಿಲ್ಲ. ಆದರೆ ಅದೇ 16ನೇ ಅಧ್ಯಾಯದ 18ನೇ ವಚನದಲ್ಲಿ ಸೌಲನ ಒಬ್ಬ ಸೇವಕ ಎದ್ದು, ಇಷಯನ ಒಬ್ಬ ಮಗನನ್ನು ತಾನು ನೋಡಿದ್ದೇನೆ ಅಂತ ಹೇಳುತ್ತಾನೆ. ಕಿನ್ನರಿ ನುಡಿಸಬಲ್ಲ, ಶೂರ, ಮಾತಿನಲ್ಲಿ ಜಾಣ, ಕರ್ತನು ಅವನ ಸಂಗಡ ಇದ್ದಾನೆ ಅಂತ ಒಂದೊಂದಾಗಿ ಎಣಿಸುತ್ತಾನೆ. ಮನೆಯವರು ಬಿಟ್ಟುಬಿಟ್ಟದ್ದನ್ನು ಹೊರಗಿನವನ ಕಣ್ಣು ಕಂಡಿತ್ತು.

ಇವತ್ತು ಇದನ್ನು ಕೇಳುತ್ತಿರುವ ಕೆಲವರು ಮನಸ್ಸಿನಲ್ಲಿ ಅಂದುಕೊಳ್ತಾ ಇರಬಹುದು, "ನಮ್ಮಪ್ಪ ಒಂದು ದಿನಾನೂ ನನಗೆ ಭೇಷ್ ಅನ್ನಲಿಲ್ಲ." ಆ ನೋವು ಸಣ್ಣದಲ್ಲ. ಹೊಲದಲ್ಲಿದ್ದ ದಾವೀದನನ್ನು ಕಂಡ ದೇವರು ನಿನ್ನನ್ನೂ ಕಂಡಿದ್ದಾನೆ. ನಿನಗೆ ಸಿಗದೇ ಹೋದ ಆ ಮಾತನ್ನು ನೀನು ಇನ್ನೊಬ್ಬರ ಮಗುವಿಗೆ, ಇನ್ನೊಬ್ಬರ ಅಪ್ಪನಿಗೆ ಕೊಡಬಲ್ಲೆ. ಬಾಯಲ್ಲಿ ಒಳ್ಳೆ ಮಾತಿಲ್ಲದ ಎಷ್ಟೋ ಅಪ್ಪಂದಿರಿಗೆ ಮಗನ ಬಗ್ಗೆ ಒಳ್ಳೆ ಸುದ್ದಿಯನ್ನೇ ಯಾರೂ ತಂದು ಕೊಟ್ಟಿರೋದಿಲ್ಲ.

ಈ ವಾರ ಮಾಡಬೇಕಾದ್ದು

ಬೆಂಗಳೂರಿನಲ್ಲಿರುವ ತಮ್ಮಂದಿರೇ, ನಿಮ್ಮ ರೂಮ್‌ಮೇಟಿನ ತಾಯಿಗೆ ಒಂದು ಫೋನ್ ಮಾಡಿ. "ಅಮ್ಮಾ, ವಂದನೆ. ಗಾಬರಿಯಾಗಬೇಡಿ, ಒಳ್ಳೇ ವಿಷಯಕ್ಕೇ ಮಾಡಿದೆ. ನನಗೆ ಜ್ವರ ಬಂದಾಗ ನಿಮ್ಮ ಮಗ ಮೂರು ದಿನ ಗಂಜಿ ಮಾಡಿಕೊಟ್ಟ. ನೀವು ಚೆನ್ನಾಗಿ ಬೆಳೆಸಿದ್ದೀರಿ." ಇಷ್ಟೇ. ಒಂದು ನಿಮಿಷದ ಮಾತು. ಆ ತಾಯಿ ಅದನ್ನು ಎಷ್ಟು ವರ್ಷ ಇಟ್ಟುಕೊಳ್ತಾಳೆ ಅನ್ನೋದು ನಿಮಗೆ ಗೊತ್ತಾಗೋದೂ ಇಲ್ಲ.

ಸಂಡೇ ಸ್ಕೂಲ್ ಟೀಚರುಗಳೇ, ಎಲ್ಲರ ಮುಂದೆ ಒಬ್ಬನನ್ನೇ ಎತ್ತಿ ಹಿಡಿಯೋದಕ್ಕಿಂತ, ಆ ಮಗುವಿನ ಮನೆಯವರಿಗೆ ಬೇರೆಯಾಗಿ ಹೇಳಿ. ಒಂದು ವಾರ ಒಬ್ಬ, ಇನ್ನೊಂದು ವಾರ ಇನ್ನೊಬ್ಬಳು. ಹಿಂದಿನ ಸಾಲಿನಲ್ಲಿ ಕೂತ, ಯಾರೂ ಹೊಗಳದ ಆ ಮಗುವಿನಲ್ಲಿ ಏನೂ ಕಾಣದಿದ್ದರೆ ಸುಳ್ಳು ಕಟ್ಟಬೇಡಿ, ಇನ್ನೂ ಸ್ವಲ್ಪ ದಿನ ನೋಡಿ. ಕಂಡುಕೊಳ್ಳುತ್ತೀರಿ.

ಹೇಳುವಾಗ "ಆದರೆ" ಸೇರಿಸಬೇಡಿ. "ಹುಡುಗ ಒಳ್ಳೆಯವನೇ, ಆದರೆ..." ಅಂದ ಕೂಡಲೇ ತಾಯಿಗೆ ಹಿಂದಿನದೆಲ್ಲ ಮರೆತು ಹೋಗುತ್ತೆ. ತಿದ್ದುವ ಮಾತಿದ್ದರೆ ಅದಕ್ಕೆ ಬೇರೆ ದಿನ, ಬೇರೆ ದಾರಿ. ಮತ್ತಾಯ 18ನೇ ಅಧ್ಯಾಯ ಕಲಿಸುವ ಹಾಗೆ ಮೊದಲು ಅವನೊಬ್ಬನ ಹತ್ತಿರವೇ ಹೋಗಿ.

ಬೇರೆಯವರ ಮಗುವಿನ ಫೋಟೋವನ್ನು ತಂದೆತಾಯಿಯನ್ನು ಕೇಳದೆ ಸ್ಟೇಟಸ್ಸಿಗೆ, ಇನ್‌ಸ್ಟಾಗ್ರಾಮಿಗೆ ಹಾಕಬೇಡಿ. ಮಗುವನ್ನು ಹೊಗಳುವ ಮಾತು, ಕೊಡುವ ಬಹುಮಾನ, ಎಲ್ಲವೂ ಹೆತ್ತವರಿಗೆ ಗೊತ್ತ ಇರುವ ಹಾಗೇ ನಡೆಯಲಿ. "ಇದನ್ನ ಮನೆಯಲ್ಲಿ ಹೇಳಬೇಡ" ಅಂತ ಗುಟ್ಟಾಗಿ ಮಗುವಿಗೆ ಹತ್ತಿರವಾಗುವ ಹೊಗಳಿಕೆ ಪ್ರೀತಿಯಲ್ಲ. ಅಂಥದ್ದನ್ನು ಕಂಡರೆ ತಂದೆತಾಯಿಗೆ ತಿಳಿಸಿ, ಸುಮ್ಮನಿರಬೇಡಿ.

ಯೂತ್ ಮೀಟಿಂಗಿನಲ್ಲಿ ಚರ್ಚೆಗೆ:

1. ಈ ತಿಂಗಳು ನೀವು ಬೇರೆಯವರ ಮಗುವಿನಲ್ಲಿ ಅಥವಾ ತಮ್ಮ ತಂಗಿಯರಲ್ಲಿ ಕಂಡ ಒಂದು ಒಳ್ಳೆಯ ಕೆಲಸ ಯಾವುದು? ಅದು ಅವರ ಮನೆಗೆ ತಲುಪಿದೆಯಾ?

2. ಹಿರಿಯನು "ಕೆಲವರು" ಅಂತ ಬರೆದು, ಉಳಿದವರ ಬಗ್ಗೆ ಸುಮ್ಮನಾದದ್ದರಿಂದ ಏನು ಕಲಿಯುತ್ತೀರಿ?

3. ಏಲಿಯ ಹಾಗೆ, ನಮ್ಮ ಮನೆಯಲ್ಲಿ ನೋವಿದ್ದಾಗಲೂ ಇನ್ನೊಬ್ಬರ ಮನೆಯ ಒಳ್ಳೆಯದಕ್ಕೆ ಆಶೀರ್ವಾದ ಹೇಳಲು ಏನು ಬೇಕು?

ಪ್ರಾರ್ಥನೆ ಮಾಡೋಣ. ಪರಲೋಕದ ತಂದೆಯೇ, ನಿನಗೆ ಸ್ತೋತ್ರ. ನಮ್ಮ ಕಣ್ಣುಗಳನ್ನು ಶುದ್ಧಮಾಡು, ಒಳ್ಳೆಯದನ್ನು ಕಾಣುವ ಕಣ್ಣು ಕೊಡು. ಇನ್ನೊಬ್ಬರ ಮನೆಯ ಬೆಳಕು ನಮಗೆ ಉರಿಯಾಗದಿರಲಿ. ದೂರು ಕೇಳಿ ಕೇಳಿ ಸೋತ ತಾಯಂದಿರ ಬಾಗಿಲಿಗೆ ಈ ವಾರ ಒಂದು ಒಳ್ಳೆಯ ಸುದ್ದಿ ನಮ್ಮಿಂದ ಹೋಗಲಿ. ದಾರಿ ತಪ್ಪಿದ ಮಕ್ಕಳಿಗಾಗಿ ಅಳುವ ತಂದೆತಾಯಿಗಳನ್ನು ಸಂತೈಸು, ಆ ಮಕ್ಕಳನ್ನು ಹಿಂದಿರುಗಿಸು. ಯಾರಿಂದಲೂ ಒಳ್ಳೆಯ ಮಾತು ಕೇಳದೆ ಬೆಳೆದ ನಮ್ಮ ಯೌವನಸ್ಥರಿಗೆ, ನೀನು ಅವರನ್ನು ಕಂಡಿದ್ದೀ ಅನ್ನೋ ನಿಶ್ಚಯವನ್ನು ಪವಿತ್ರಾತ್ಮನ ಮೂಲಕ ಕೊಡು. ಯೇಸು ಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.